ಉರ್ಗಾಶಳ ಒಂದು ಬಟ್ಟಲು ಸಾರು

ಉರ್ಗಾಶಳಿಗೆ ಆ ದಿನ ಬೇಕಾಗಿದ್ದದ್ದು ಒಂದು ಬಟ್ಟಲು ಬಿಸಿ ಸಾರು, ಅದನ್ನು ಒಬ್ಬಳೇ ಕೂತು ಕುಡಿಯುವಷ್ಟು ಹೊತ್ತು. ಮೂರು ವರ್ಷ ಗಡಿ ಕಾದು ನಿನ್ನೆಯಷ್ಟೇ ಹಿಂಬದಿಯ ಕಳ್ಳದಾರಿಯಿಂದ ಗುಡ್ಡಕ್ಕೆ ಮರಳಿದ್ದಳು. ಅಲ್ಲಿ ಒಣಮಾಂಸ ಜಗಿದು ಜಗಿದು ಅವಳ ಎಡಗಡೆಯ ಕೋರೆಹಲ್ಲು ಸವೆದು ಮೋಟಾಗಿತ್ತು. ಈಗ ಹಂಡೆಯಲ್ಲಿ ಇಡೀ ಕಾಡುಹಂದಿ ಬೇಯುತ್ತಿತ್ತು. ಅದರ ಪರಿಮಳ ಗಾಳಿ ಹಿಡಿದು ಗುಡ್ಡ ಇಳಿಯಿತು. ತೊಂದರೆ ಶುರುವಾದದ್ದು ಅಲ್ಲಿಂದಲೇ.

"ಏ ರಾಕ್ಷಸೀ, ಹೊರಗೆ ಬಾ!"

ಬಾಗಿಲಲ್ಲಿ ಮನುಷ್ಯನೊಬ್ಬ ಕತ್ತಿ ಹಿರಿದು ನಿಂತಿದ್ದ. ಎರಡು ತಿಂಗಳಿಂದ ಗುಡ್ಡದ ಬುಡದಲ್ಲಿ ಮುತ್ತಿಗೆ ಹಾಕಿದ್ದ ದಂಡಿನವನು. ಉರ್ಗಾಶ ಕೈಯಲ್ಲಿದ್ದ ಸೌಟಿನಿಂದಲೇ ಒಂದು ಕೊಟ್ಟಳು. ಅವನ ಶಿರಸ್ತ್ರಾಣ ಗಂಟೆಯ ಹಾಗೆ ಮೊಳಗಿತು. ಅವನು ಮಂಡಿಯೂರಿದ.

"ಅಯ್ಯೋ, ಮಂಡಿಯೂರಬೇಡವೋ! ಎದ್ದು ಓಡು!"

ತಡವಾಗಿತ್ತು. ಗುಡ್ಡದವರ ಕಟ್ಟಳೆಯಲ್ಲಿ ಮಂಡಿಯೂರಿದವನನ್ನು ಕೊಲ್ಲುವಂತಿಲ್ಲ, ಅಟ್ಟುವಂತಿಲ್ಲ. ಅವತ್ತಿನಿಂದ ಅವನು ನಿನ್ನ ಒಲೆಯವನು. ಅವನು ಉಂಡ ಮೇಲೇ ನೀನು ಉಣ್ಣಬೇಕು.

ಪಕ್ಕದ ಗುಹೆಯ ಮೊಗ್ದತ್ತೆ ಬೇಲಿಯ ಮೇಲಿಂದ ಕತ್ತು ಚಾಚಿದಳು. "ಯಾರೂ ನೋಡಿಲ್ಲ ಕಣೇ. ನಾನೂ ಬೇಕಾದ್ರೆ ಕಣ್ಣು ಮುಚ್ಕೋತೀನಿ. ಹಳ್ಳಕ್ಕೆ ತಳ್ಳಿಬಿಡು."

"ನಾನು ನೋಡಿದ್ದೀನಲ್ಲ ಅತ್ತೆ."

"ಇದೇ ನಿನ್ನ ರೋಗ. ಮರ್ಯಾದೆ, ಮರ್ಯಾದೆ! ಅದನ್ನೇ ಬೇಯಿಸ್ಕೊಂಡು ತಿನ್ನು."

ಎಲ್ಡ್ರಿನ್ ಎಂಬ ಆ ಮನುಷ್ಯ ಮೂರು ಬಟ್ಟಲು ಕುಡಿದು ಕಣ್ಣೊರೆಸಿಕೊಂಡ. "ಅಮ್ಮಾ, ಕೆಳಗೆ ನಮಗೆ ಕುದುರೆ ಕಾಳಿನ ಗಂಜಿ. ಅದೂ ಕುದುರೆ ಉಂಡು ಮಿಕ್ಕಿದ್ರೆ." ಆಮೇಲೆ ತೇಗಿದ. ಆ ತೇಗು ಕಣಿವೆಯಲ್ಲಿ ಮೂರು ಸಲ ಮಾರ್ದನಿಸಿತು.

ಅವನನ್ನು ಬಿಡಿಸಲು ಐವರು ಬಂದರು. ಇಬ್ಬರು ನಿಜಕ್ಕೂ ಹೋರಾಡಿದರು. ಮೂರನೆಯವನು ಮೂಗರಳಿಸಿ ಕತ್ತಿ ಎಸೆದ. ಐದನೆಯವನಂತೂ ಅರ್ಧ ದಾರಿಯಿಂದಲೇ ಮಂಡಿಯೂರಿಕೊಂಡು ಹತ್ತಿ ಬಂದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಡೀ ದಂಡು, ನಲವತ್ತು ಜನ, ತಂತಮ್ಮ ಬಟ್ಟಲು ಸಮೇತ ಅಂಗಳದಲ್ಲಿ ಮಂಡಿಯೂರಿತ್ತು.

"ಕೂತ್ರೆ ಆಗಲ್ಲ! ನೀನು ಸೌದೆ ತಾ. ನೀವಿಬ್ಬರು ಗೆಡ್ಡೆ ಅಗೀರಿ. ಏ ಗಡ್ಡದವನೇ, ಕೈ ತೊಳ್ಕೋ!" ಉರ್ಗಾಶ ಗುಡುಗಿದಳು. ಅವರು ತಮ್ಮ ರಾಜನ ಮಾತಿಗೂ ಅಷ್ಟು ಬೇಗ ಎದ್ದಿರಲಾರರು. "ಉಪ್ಪು ಹದವಾಗಿದೆ ಅಮ್ಮ," ಎಂದ ಒಬ್ಬ. ಅವಳೊಳಗೆ ಏನೋ ಮೆತ್ತಗಾಯಿತು. ಹಾಗೆ ಮೆತ್ತಗಾದದ್ದಕ್ಕೇ ಅವಳಿಗೆ ತನ್ನ ಮೇಲೆ ಕೋಪ ಬಂತು.

ಅಷ್ಟರಲ್ಲಿ ಮೊಗ್ದತ್ತೆ ಓಡಿಬಂದಳು. "ಕೆಟ್ಟೆ ಕಣೇ! ನಾಯಕನ ಒಲೆಯಲ್ಲಿರೋದು ಮೂವತ್ತೇ ಜನ. ನಿಂದು ಅದಕ್ಕಿಂತ ದೊಡ್ಡದಾಯ್ತು. ದೊಡ್ಡ ಒಲೆಯವರೇ ನಾಯಕರು ಅಲ್ವಾ! ನಾಯಕ ದ್ರಾಖೂಮ ಕೊಡಲಿ ಹಿಡ್ಕೊಂಡು ಬರ್ತಿದ್ದಾನೆ!"

ಉರ್ಗಾಶಳಿಗೆ ಮೊದಲ ಬಾರಿ ಆಸೆ ಚಿಗುರಿತು. ಸೋತರೆ ಈ ಬಾಯಿಗಳೆಲ್ಲ ಅವನ ಪಾಲು. ತಳದಲ್ಲಿ ಉಳಿದ ಒಂದು ಬಟ್ಟಲು ತನ್ನದು. ಆದರೆ ಬೇಕೆಂದೇ ಸೋಲುವುದು ಅವಳಿಗೆ ಬರುತ್ತಿರಲಿಲ್ಲ. ನಿಟ್ಟುಸಿರಿಟ್ಟು ಸೌಟು ಎತ್ತಿ ಹಿಡಿದಳು.

ದ್ರಾಖೂಮ ಬಂದ. ಬಂಡೆಯಂಥ ಆಳು. ಅವಳನ್ನು ನೋಡಿದ, ನಲವತ್ತು ತಲೆಗಳನ್ನು ನೋಡಿದ, ಹಂಡೆಯನ್ನು ನೋಡಿದ. ಕೊಡಲಿಯನ್ನು ತಲೆಯ ಮೇಲೆತ್ತಿದ. ಆಮೇಲೆ ಅದನ್ನು ಮೆಲ್ಲಗೆ ಅವಳ ಕಾಲ ಬಳಿ ಇಟ್ಟು, ಮಂಡಿಯೂರಿದ.

"ಬೇಡ ಮಾವ! ಏಳಿ!"

"ಇಪ್ಪತ್ತೆರಡು ವರ್ಷದಿಂದ ಕಾಯ್ತಿದ್ದೆ ಮಗಳೇ, ನನಗಿಂತ ದೊಡ್ಡ ಒಲೆ ಯಾವಾಗ ಹುಟ್ಟುತ್ತೋ ಅಂತ," ಎಂದು ಅವನು ಬಟ್ಟಲು ಚಾಚಿದ. ಅವನ ಹಿಂದೆ ಅವನ ಮೂವತ್ತು ಜನರೂ ಸಾಲಾಗಿ ಮಂಡಿಯೂರಿದರು. "ಬಡಿಸು, ನಾಯಕಿ. ಬಿಸಿಯಾಗಿರಲಿ."

ಅವನಿಗೆ ಬಡಿಸುವಾಗಲೇ ಸೌಟು ಹಂಡೆಯ ತಳ ಕೆರೆಯಿತು.

ಹಬ್ಬದ ಪಂಕ್ತಿಗಳಲ್ಲಿ ದ್ರಾಖೂಮ ಕೊನೆಯವರೆಗೂ ಕೈಕಟ್ಟಿಕೊಂಡು ನಿಂತೇ ಇರುತ್ತಿದ್ದುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಅದನ್ನು ಗಾಂಭೀರ್ಯ ಅಂದುಕೊಂಡಿದ್ದಳು. ಈಗ ಅವಳೂ ಕೈಗಳನ್ನು ಹೊಟ್ಟೆಯ ಮೇಲೆ ಬಿಗಿಯಾಗಿ ಕಟ್ಟಿ ನಿಂತಳು, ಒಳಗಿನ ಸದ್ದು ಯಾರಿಗೂ ಕೇಳದಿರಲೆಂದು.