ನಮ್ಮ ಪಡಸಾಲೆಗೆ ಬಂದ ಸಮುದ್ರ

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನಮ್ಮ ಮನೆಗೆ ಫಜೀತಿಗಳು ಬರುತ್ತವೆ, ಅವೂ ಒಂದರ ಬೆನ್ನಿಗೆ ಒಂದು. ಈ ವರ್ಷದ ಫಜೀತಿಗಳನ್ನು ಮಾತ್ರ ನಾನೇ ಅಕ್ಷತೆ ಕೊಟ್ಟು ಕರೆದಿದ್ದೆ.

ಕಾರಣ ನಮ್ಮ ಅವ್ವ. ಮುಶಿಗೇರಿಯಲ್ಲಿ ಹುಟ್ಟಿ ರೋಣಕ್ಕೆ ಸೊಸೆಯಾಗಿ ಬಂದವಳು. ಎಂಬತ್ತು ದಾಟಿದರೂ ಸಮುದ್ರ ನೋಡಿಲ್ಲ. ಗೋಕರ್ಣಕ್ಕೆಂದು ಎರಡು ಸಲ ಬುತ್ತಿ ಕಟ್ಟಿದ್ದಳಂತೆ. ಒಂದು ಸಲ ಎಮ್ಮೆ ಈಯಿತು, ಇನ್ನೊಂದು ಸಲ ನಾನು ಹುಟ್ಟಿದೆ. ಈಗ ಹೋಗೋಣವೆಂದರೆ ಮೊಣಕಾಲು ಕೈಕೊಟ್ಟಿವೆ. ಎರಡನೆಯ ಸಲದ ತಪ್ಪು ನನ್ನದೇ ಆದ್ದರಿಂದ ಸಮುದ್ರವನ್ನೇ ಪಡಸಾಲೆಗೆ ತರುವುದೆಂದು ಹೊರಟೆ. ನಾಲ್ಕು ಅಡಿಯ ಗಾಜಿನ ತೊಟ್ಟಿ, ಉಪ್ಪುನೀರು, ಜೀವಂತ ಹವಳ, ಎರಡು ಕಿತ್ತಳೆ ಬಣ್ಣದ ಮೀನು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಓದಿದರೆ ಬಾರದ್ದೇನಿದೆ ಎಂಬ ಸೊಕ್ಕು ಬೇರೆ. "ಹವಳ ಸರದಾಗ ಇರ್ತಾವ, ನೀರಾಗ ಹ್ಯಾಂಗ ಇರ್ತಾವ?" ಎಂದು ಅವ್ವ ಕೇಳಿದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

೧. ಇಪ್ಪತ್ತು ಕ್ಯಾನು

ಹವಳಕ್ಕೆ ಬೋರಿನ ನೀರು ಆಗುವುದಿಲ್ಲ. ಶುದ್ಧ ನೀರಿಗೆ ಸಮುದ್ರದ ಉಪ್ಪನ್ನು ಅಳತೆ ಮಾಡಿ ಬೆರೆಸಬೇಕು. ಅದಕ್ಕೆಂದು ಊರಿನ ಶುದ್ಧ ನೀರಿನ ಘಟಕದಿಂದ ಒಂದೇ ದಿನ ಇಪ್ಪತ್ತು ಕ್ಯಾನು ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ.

ನಮ್ಮ ಓಣಿಯಲ್ಲಿ ಕಟ್ಟೆಯ ಮೇಲೆ ಅಷ್ಟು ಕ್ಯಾನು ಬಂದವೆಂದರೆ ಅರ್ಥ ಒಂದೇ, ಮನೆಯಲ್ಲಿ ಕಾರ್ಯವಿದೆ. ಕರೆಯಲಿ ಎಂದು ಕಾಯುವ ಪದ್ಧತಿ ಇಲ್ಲಿಲ್ಲ. ಅರ್ಧ ತಾಸಿನಲ್ಲಿ ಐದು ಜನ ಹೆಣ್ಣುಮಕ್ಕಳು ಲಟ್ಟಣಿಗೆ, ಮಣೆ ಹಿಡಿದುಕೊಂಡು ಬಂದೇಬಿಟ್ಟರು. ಎದುರುಮನೆಯ ಅಕ್ಕ ಬಾಗಿಲಲ್ಲೇ ಸೆರಗು ಸಿಕ್ಕಿಸಿಕೊಂಡು ಎಷ್ಟು ಮಂದಿಗೆ ಅಡಿಗೆ ಎಂದು ಕೇಳಿದರು. ಎರಡು ಮೀನಿಗೆ ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಉಪ್ಪಿನ ಡಬ್ಬಿ ತಂದು, ತರಗತಿಯಲ್ಲಿ ಹೇಳಿದ ಹಾಗೆ ಎಲ್ಲ ವಿವರಿಸಿದೆ. ಅಕ್ಕ ಪೂರ್ತಿ ಕೇಳಿದರು.

"ಸವುಳ ನೀರಿನ ಉಪ್ಪು ತಗ್ಯಾಕ ಊರಿಗೆ ಮಷೀನ್ ಕುಂದರಿಸ್ಯಾರ. ನೀವು ಆ ನೀರು ತಂದು ಮತ್ತ ಉಪ್ಪು ಹಾಕ್ತೀರಿ. ಬೋರಿನ ನೀರ ಹಾಕಿದ್ರ ಮುಗೀತಿತ್ತಲ್ರಿ ಸರ."

ನನ್ನ ಹತ್ತಿರ ಉತ್ತರವಿತ್ತು, ಅಲ್ಲಿ ಯಾರಿಗೂ ಅದು ಬೇಕಿರಲಿಲ್ಲ. ಲಟ್ಟಣಿಗೆ ಹಿಡಿದು ಬಂದ ಕೈ ಸುಮ್ಮನೆ ತಿರುಗಿ ಹೋಗಬಾರದೆಂದು ನಮ್ಮ ಅಡಿಗೆಮನೆಗೆ ನುಗ್ಗಿ, ನಮ್ಮದೇ ಶೇಂಗಾ, ನಮ್ಮದೇ ಬೆಲ್ಲದಲ್ಲಿ ವಾರಕ್ಕಾಗುವಷ್ಟು ಹೋಳಿಗೆ ಮಾಡಿಟ್ಟು ಹೋದರು. ಮೀನು ಬರುವ ಮೊದಲೇ ಅವುಗಳ ಹೆಸರಿನಲ್ಲಿ ಊಟ ಆಗಿಹೋಯಿತು.

೨. ಬೇಕೆಂದೇ ಹಾಕಿದ ತೂತು

ಪೈಪಿನ ಕೆಲಸಕ್ಕೆ, ಓಣಿಯೆಲ್ಲ ಚಾಚಾ ಎಂದು ಕರೆಯುವ ಪ್ಲಂಬರರನ್ನು ಕರೆದೆ. ರೋಣದಿಂದ ನರಗುಂದದವರೆಗೆ ಹೊಲ ಮನೆಗಳಿಗೆಲ್ಲ ಪೈಪ್ ಜೋಡಿಸಿದ ಹಳೆಯ ಕೈ. ನೀರು ಎಲ್ಲಿಗೆ ಹೋಗಬೇಕು ಎಂದು ಕೇಳಿದರು. ಮೇಲಿನ ತೊಟ್ಟಿಯಿಂದ ಕೆಳಗಿನ ಸಣ್ಣ ತೊಟ್ಟಿಗೆ ಇಳಿದು ಸೋಸಿಕೊಂಡು, ಮೋಟರಿನಿಂದ ಮತ್ತೆ ಮೇಲಕ್ಕೆ ಎಂದೆ. ಆಮೇಲೆ? ಮತ್ತೆ ಕೆಳಕ್ಕೆ. ಚಾಚಾ ತಂದಿಟ್ಟ ಪೈಪುಗಳನ್ನು ಒಂದೊಂದಾಗಿ ಎಣಿಸಿ, ನೀರು ಎಲ್ಲಿಗೂ ಹೋಗುವುದಿಲ್ಲವೆಂದರೆ ಇಷ್ಟು ಪೈಪು ಯಾಕೆ ಎಂದರು. ಆದರೂ ಜೋಡಿಸಿದರು. ಒಂದು ಹನಿ ಸೋರಲಿಲ್ಲ.

ಆಗ ನಾನು, ಮೇಲೆ ನೀರು ತರುವ ಪೈಪಿಗೆ ಒಂದು ಸಣ್ಣ ತೂತು ಹಾಕಿ ಎಂದೆ. ಕರೆಂಟ್ ಹೋದರೆ ಆ ಪೈಪು ಮೇಲಿನ ನೀರನ್ನೆಲ್ಲ ತಿರುಗಿ ಕೆಳಗೆ ಎಳೆದು ಸಣ್ಣ ತೊಟ್ಟಿಯನ್ನು ಉಕ್ಕಿಸಿಬಿಡುತ್ತದೆ. ತೂತಿದ್ದರೆ ಗಾಳಿ ಹೊಕ್ಕು ಎಳೆಯುವುದು ನಿಲ್ಲುತ್ತದೆ.

"ಮೂವತ್ತು ವರ್ಷ ಸೋರೋದು ನಿಲ್ಸೇನ್ರಿ ಮಾಸ್ತರ. ಗೊತ್ತಿದ್ದೂ ಸೋರಂಗ ಮಾಡು ಅಂತೀರಲ್ಲ" ಎಂದು ಚಾಚಾ ಮುಖ ಆ ಕಡೆ ತಿರುಗಿಸಿಕೊಂಡು ತೂತು ಹಾಕಿದರು.

ಮರುದಿನ ಪರೀಕ್ಷೆಗೆಂದು ಬರೀ ನೀರು ತುಂಬಿ ಮೋಟರ್ ಹಚ್ಚಿ ನಾನು ಸಾಲಿಗೆ ಹೋದೆ. ಚಾಚಾ ಹಾದಿಯಲ್ಲಿ ಹೋಗುತ್ತಿದ್ದವರು, ತಮ್ಮ ಕೆಲಸ ನೋಡಿ ಹೋಗೋಣವೆಂದು ಒಳಗೆ ಬಂದರಂತೆ. ತೂತಿನಿಂದ ನೀರು ಚಿಮ್ಮುತ್ತಿದ್ದುದನ್ನು ಕಂಡು ಅವರ ಕರುಳು ತಡೆಯಲಿಲ್ಲ. ಚೀಲದಿಂದ ಅಂಟು ತೆಗೆದು, ಚೆನ್ನಾಗಿ ನಾದಿ, ತೂತು ಮುಚ್ಚಿ, ಸಮಾಧಾನದಿಂದ ಚಹಾ ಕುಡಿದು ಹೋದರು.

ಮೂರು ಗಂಟೆಗೆ ಕರೆಂಟ್ ಹೋಯಿತು. ಹೆಂಡತಿಯ ಫೋನ್ ಬಂದು ನಾನು ಓಡಿ ಬರುವಷ್ಟರಲ್ಲಿ ಪಡಸಾಲೆ ತುಂಬ ನೀರು. ಅವ್ವ ಮಂಚದ ಮೇಲೆ ಕೂತು ಎರಡೂ ಪಾದ ನೀರಿಗೆ ಇಳಿಬಿಟ್ಟಿದ್ದಳು. ನನ್ನನ್ನು ನೋಡಿ ಬಲು ಸಂತೋಷದಿಂದ, "ನಾ ಹೋಗಲಿಲ್ಲ ಅಂತ ಅದ ನನ್ನ ಕಾಲತನಕ ಬಂತು ನೋಡೋ" ಎಂದಳು.

೩. ಮಧ್ಯಾಹ್ನದ ಸಂಜೆ

ತಪ್ಪು ತಿಳಿದ ಮೇಲೆ ಚಾಚಾ ತಾವೇ ಬಂದು ತೂತನ್ನು ಬಿಡಿಸಿಕೊಟ್ಟರು. ಆಮೇಲೆ ಉಪ್ಪು, ಹವಳ, ಮೀನು ಎಲ್ಲ ಬಂದು ಕೂತವು. ಹವಳಕ್ಕೆ ಬಿಸಿಲಿನಂಥ ಬೆಳಕು ಬೇಕು. ನಾನು ತಂದ ದೀಪಗಳು ಗಡಿಯಾರದ ಪ್ರಕಾರ ಬೆಳಿಗ್ಗೆ ಮೆಲ್ಲಗೆ ಬೆಳಗಿ, ಮಧ್ಯಾಹ್ನ ಬೆಳ್ಳಗಾಗಿ, ಸಂಜೆಗೆ ನೀಲಿಯಾಗಿ ಆರುತ್ತಿದ್ದವು. ಖರೇ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆಂದು ಕಿಟಕಿಗಳಿಗೆಲ್ಲ ದಪ್ಪ ಪರದೆ ಹಾಕಿದ್ದೆ. ಮಂಚದ ಮೇಲಿನ ಅವ್ವನಿಗೆ ಸೂರ್ಯ ಹುಟ್ಟುವುದೂ ಮುಳುಗುವುದೂ ಆ ತೊಟ್ಟಿಯಲ್ಲೇ ಆಯಿತು. ಅದು ನೀಲಿಯಾದರೆ ದೇವರ ಮುಂದೆ ದೀಪ ಹಚ್ಚುವಳು.

ಕರೆಂಟ್ ಹೋಗಿ ಬಂದರೆ ಆ ಗಡಿಯಾರಕ್ಕೆ ಹೊತ್ತು ಮರೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ಒಂದು ಗಂಟೆಗೇ ತೊಟ್ಟಿ ನೀಲಿಯಾಯಿತು. ಹೆಂಡತಿ ಬಜಾರಕ್ಕೆ ಹೋಗಿದ್ದಳು. ಅವ್ವ ದೀಪ ಹಚ್ಚಿ, ಭಜನೆ ಮುಗಿಸಿ, ಮುಚ್ಚಿಟ್ಟ ರೊಟ್ಟಿ ತಿಂದು, ತೊಟ್ಟಿ ಕತ್ತಲಾದ ಮೇಲೆ ಮಲಗಿಬಿಟ್ಟಳು. ನಡುವೆ ಇನ್ನೊಂದು ಸಲ ಕರೆಂಟ್ ಹೋಗಿ ಬಂದು, ನಾನು ಸಾಲಿ ಬಿಟ್ಟು ಐದಕ್ಕೆ ಮನೆಗೆ ಬರುವಾಗ ತೊಟ್ಟಿಯಲ್ಲಿ ಚೆಂದಾಗಿ ಬೆಳಗಾಗುತ್ತಿತ್ತು. ಅವ್ವ ಎದ್ದು ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮಾಸ್ತರಾಗಿ ರಾತ್ರಿಯೆಲ್ಲ ಹೊರಗ ಕಳದು ಬೆಳಗ ಮಾಡಿ ಬಂದಿಯಲ್ಲ. ಓಣ್ಯಾಗಿನ ಮಂದಿ ಏನಂದಾರು?"

೪. ತಂಬಿಗೆಯ ಸರದಿ

ಇದು ಆದದ್ದು ಒಂದು ರವಿವಾರ. ಲೈನ್ ದುರಸ್ತಿಗೆಂದು ಬೆಳಿಗ್ಗೆಯೇ ಕರೆಂಟ್ ತೆಗೆದರು, ಸಂಜೆಯವರೆಗೆ ಇಲ್ಲವೆಂದರು. ಮೋಟರಿಗೆಂದು ಈಚೆಗೆ ತಂದಿದ್ದ ಇನ್ವರ್ಟರ್ ಕೂಡ ಹನ್ನೊಂದಕ್ಕೆ ಕೈಯೆತ್ತಿತು. ಮೋಟರ್ ನಿಂತು ನೀರು ಆಡದಾಯಿತು. ಹವಳ ಮುದುಡಿಕೊಂಡಿತು, ಎರಡೂ ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಎಲ್ಲ ಓದಿಕೊಂಡಿದ್ದ ನಾನು ಕೈಕಟ್ಟಿ ನಿಂತಿದ್ದೆ.

"ತಮ್ಮಾ, ಸಾಯ್ತಾವೇನು ಅವು?" ಎಂದು ಅವ್ವ ಕೇಳಿದಳು. ದಿನಾ ಎದ್ದ ಕೂಡಲೇ ಅವುಗಳನ್ನು ಮಾತಾಡಿಸಿಯೇ ಅವಳು ಮುಖ ತೊಳೆಯುತ್ತಿದ್ದದ್ದು.

ಕರೆಂಟ್ ಹೋದಾಗಲೆಲ್ಲ ತಮ್ಮ ತೂತು ನೋಡಲು ಬರುವ ಚಾಚಾ ಅಷ್ಟರಲ್ಲಿ ಬಂದರು. ಇವುಗಳಿಗೆ ಏನು ಬೇಕು ಎಂದರು. ನೀರು ಮೇಲಿಂದ ಬೀಳಬೇಕು, ಗಾಳಿ ಬೆರೆಯಬೇಕು ಎಂದೆ. ಇಷ್ಟೇ ಹೌದಲ್ಲ ಎಂದವರೇ ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದರು.

ಅದೇ ಐದು ಜನ ಹೆಣ್ಣುಮಕ್ಕಳು ಈ ಸಲ ತಂಬಿಗೆ ಹಿಡಿದು ಬಂದರು. ಪಕ್ಕದ ಮನೆಯ ರೈತರೊಬ್ಬರು ಹೊಲಕ್ಕೆ ಔಷಧ ಹೊಡೆಯುವ ಪಂಪನ್ನೇ ಬೆನ್ನಿಗೆ ಕಟ್ಟಿಕೊಂಡು ಬಂದರು, ಅದಕ್ಕೆ ಗಾಳಿ ಬಲವಂತೆ. ಹೆಂಡತಿ ಅವರನ್ನು ಹೊಸ್ತಿಲಲ್ಲೇ ತಡೆದು, ಪಂಪು ಇಳಿಸಿ, ಕೈ ತೊಳೆಸಿ, ಕೈಗೆ ತಂಬಿಗೆ ಕೊಟ್ಟಳು. ತುಂಬುವುದು, ಎತ್ತುವುದು, ಸುರಿಯುವುದು. ಚಾಚಾ ಸರದಿ ಹಚ್ಚಿದರು. ಅವ್ವ ತೊಟ್ಟಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ತನ್ನ ಸರದಿ ಯಾರಿಗೂ ಬಿಟ್ಟುಕೊಡಲಿಲ್ಲ. ಐದು ತಾಸು ಸುರಿದರು. ಎರಡು ಮೀನಿಗೆ ಇಷ್ಟೇಕೆ ಎಂದು ಒಬ್ಬರೂ ಕೇಳಲಿಲ್ಲ. ಇಂಥ ಓಣಿಯಲ್ಲಿ ನನಗೊಂದು ಮನೆ ಸಿಕ್ಕಿದ್ದು ನನ್ನ ಪುಣ್ಯ. ಆ ದಿನ ಕಣ್ಣು ಒರೆಸಿಕೊಂಡದ್ದಕ್ಕೆ ಉಪ್ಪುನೀರು ಸಿಡಿಯಿತೆಂದು ಸುಳ್ಳು ಹೇಳಿದೆ.

ನಾಲ್ಕೂವರೆಗೆ ಕರೆಂಟ್ ಬಂತು. ಮೋಟರ್ ಗುಳುಗುಳು ಎಂದಿತು. ಸ್ವಲ್ಪ ಹೊತ್ತಿಗೆ ಎರಡೂ ಮೀನು ಕೆಳಗಿಳಿದು ತಮ್ಮ ಹವಳದ ಸಂದಿಗೆ ಸೇರಿಕೊಂಡವು.

ಅವ್ವ ತಂಬಿಗೆ ಕೆಳಗಿಡಲಿಲ್ಲ. ಹೆಂಗೂ ಸಮುದ್ರ ಕೈಗೆ ಸಿಕ್ಕಿದೆ, ಸ್ನಾನ ಇವತ್ತೇ ಆಗಲಿ ಎಂದು ಅಂಗೈಯಲ್ಲಿ ನೀರು ತೆಗೆದು ತಲೆಗೆ ತಟ್ಟಿಕೊಂಡಳು. ಆಮೇಲೆ ಎಲ್ಲರ ತಲೆಗೂ ಚಿಮುಕಿಸಿದಳು. ಚಾಚಾ ಟೋಪಿ ತೆಗೆದು ತಲೆಬಾಗಿ ನಿಂತರು. ಕೊನೆಗೆ ತೀರ್ಥವೆಂದು ಒಂದು ಹನಿ ನಾಲಿಗೆಗೆ ಹಚ್ಚಿಕೊಂಡವಳು ಇನ್ನೊಂದು ಹನಿ ತೆಗೆದು ಚಪ್ಪರಿಸಿ ನೋಡಿದಳು.

"ಖರೇ ಸಮುದ್ರದ ನೀರೂ ಹಿಂಗ ಇರ್ತದೇನು?" ಎಂದಳು.

ಹಿಂಗೇ ಇರುತ್ತದೆ, ಅಳತೆ ಮಾಡಿ ಬೆರೆಸಿದ್ದೇನೆ ಎಂದೆ ಹೆಮ್ಮೆಯಿಂದ.

"ಇದು ನಮ್ಮ ತವರುಮನಿ ಸವುಳ ಬಾವಿ ನೀರು. ಹಂಗಾರ ಲಗ್ನ ಆಗೋತನಕ ನಾ ದಿನಾ ಸಮುದ್ರಸ್ನಾನನ ಮಾಡೇನಲ್ಲೋ. ಮೊದಲ ಹೇಳಬಾರದ?"