ನನ್ನ ಸೋಲಾರ್, ವಾನಖೇಡೆಯವರ ಗುಲೇಲ್

ಸೋಲಾರ್ ಪ್ಯಾನೆಲ್‌ಗಳನ್ನು ಎಲ್ಲರಂತೆ ಮಾಳಿಗೆಯ ಮೇಲೆ ಹಾಕಿಸುವುದು ಬೇಡ, ಹಿತ್ತಲಲ್ಲಿ ನೆಲದ ಮೇಲೇ ಇರಲಿ ಎಂದು ತೀರ್ಮಾನಿಸಿದವನು ನಾನು. ಕೈಗೆಟುಕುವಂತಿದ್ದರೆ ಖುದ್ದಾಗಿ ನೋಡಿಕೊಳ್ಳಬಹುದಲ್ಲ! ನನ್ನ ಇಡೀ ನೌಕರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕಳೆದಿತ್ತು. ಬೇರೆಯವರು ಮಾಡಿದ ಮಾಲಿನಲ್ಲಿ ದೋಷ ಹುಡುಕುವುದರಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ.

ನಾಗಪುರದ ಬೇಸಿಗೆ ಎಂಥದ್ದೆಂದು ಹೇಳಬೇಕಾಗಿಲ್ಲ. ಪ್ಯಾನೆಲ್ ತೀರಾ ಕಾದರೆ ಕರೆಂಟು ಕಡಿಮೆ ಬರುತ್ತದೆ ಎಂದು ಕೂಡಿಸಿದವರು ಹೇಳಿದ್ದರು. ಹೀಗಾಗಿ ದಿನಾ ಮಧ್ಯಾಹ್ನ ಊಟಕ್ಕೆ ಮೊದಲು ಫ್ರಿಜ್ಜಿನ ಐಸನ್ನೆಲ್ಲ ಬಕೆಟ್ ನೀರಿಗೆ ಹಾಕಿ, ಪಾಪದ ಪ್ಯಾನೆಲ್‌ಗಳ ಮೈಮೇಲೆ ಸುರಿದು, ಬಿಸಿಲಿಗೆ ಹೆದರಿ ಒಳಗೆ ಓಡಿಬರುತ್ತಿದ್ದೆ. ಆ ನೀರು ನಮ್ಮದಲ್ಲ. ಬೇಸಿಗೆಯಲ್ಲಿ ನಮ್ಮ ಬೋರು ಬತ್ತುತ್ತದೆ. ಪಕ್ಕದ ಮನೆಯ ವಾನಖೇಡೆಯವರು ಗೋಡೆಯ ಮೇಲಿಂದ ಪೈಪು ಬಿಟ್ಟು ತಮ್ಮ ಬೋರಿನ ನೀರು ಕೊಡುತ್ತಾರೆ.

ಒಂದು ಸಂಜೆ ನೋಡಿದರೆ ಮೂರು ಪ್ಯಾನೆಲ್‌ಗಳಲ್ಲಿ ಒಂದರ ಗಾಜಿನ ತುಂಬ ಜೇಡರ ಬಲೆಯಂಥ ಬಿರುಕು. ಆ ವಾರದಲ್ಲೇ ಇನ್ನೊಂದಕ್ಕೂ ಅದೇ ಗತಿ. ನನ್ನೊಳಗಿನ ತಪಾಸಣಾಧಿಕಾರಿ ಎದ್ದು ಕೂತ. ಭೂತಗನ್ನಡಿ ಹಿಡಿದು, ಮಂಡಿಯೂರಿ, ಘಟನಾ ಸ್ಥಳದ ಸಮಗ್ರ ಪರಿಶೀಲನೆ ನಡೆಸಿದೆ. ಒಂದೇ ಒಂದು ಕಲ್ಲೂ ಸಿಗಲಿಲ್ಲ. ಎಂದರೆ, ಹೊಡೆದವನು ಕಲ್ಲನ್ನೂ ಎತ್ತಿಕೊಂಡು ಹೋಗಿದ್ದಾನೆ. ಎಂಥ ಚಾಲಾಕಿ ಇರಬೇಕು!

ವಾನಖೇಡೆಯವರ ಬಳಿ ರಬ್ಬರಿನ ಗುಲೇಲ್, ಅಂದರೆ ಕವಣೆ, ಇತ್ತು. ತಮ್ಮ ಮಾವಿನ ಗಿಡಕ್ಕೆ ಬರುವ ಮಂಗಗಳಿಗೆ ಅದರಿಂದ ಕಲ್ಲು ಬೀರುತ್ತಿದ್ದರು. ಆ ಗಿಡ ಇದ್ದದ್ದು ನಮ್ಮ ಹಿತ್ತಲ ಗೋಡೆಗೆ ತಗುಲಿ. ಪ್ರಕರಣ ಬಗೆಹರಿಯಿತು.

"ಅವರದೇ ಕೆಲಸ," ಎಂದೆ ಹೆಂಡತಿ ಗಿರಿಜೆಗೆ.

"ಸುಮ್ನ ಕುಂದರ್ರಿ. ಕಣ್ಣಿಲೆ ಕಂಡಿಲ್ಲ, ಅವರ ಹೆಸರ ಯಾಕ ತಗೀತೀರಿ? ನಾಳೆ ಅವರು ಪೈಪ್ ಜಗ್ಗಿಕೊಂಡ್ರ ನೀರಿಗೆ ಎಲ್ಲಿ ಹೋಗೂಣು? ಕೂಲರ್‌ಗೆ ನೀರಿಲ್ಲಂದ್ರ ಅತ್ತಿಯವರು ತಡಕೋತಾರೇನು?"

ನನ್ನ ತಾಯಿಗೆ ಎಂಬತ್ತು ದಾಟಿದೆ. ಬಿಸಿಲು ಏರಿತೆಂದರೆ ಕೂಲರಿನ ಮುಂದಿನ ಮಂಚ ಬಿಟ್ಟು ಏಳುವುದಿಲ್ಲ.

"ನ್ಯಾಯ ಅಂದ್ರ ನ್ಯಾಯ," ಆದರೂ ಎಂದುಬಿಟ್ಟೆ.

ಮರುದಿನ ಮಧ್ಯಾಹ್ನ ವಾನಖೇಡೆಯವರನ್ನು ಹಿತ್ತಲಿಗೆ ಕರೆಸಿದೆ. ತಲೆಗೆ ಟವೆಲ್ ಸುತ್ತಿಕೊಂಡು ಬಂದರು. ಗಿರಿಜೆ ಮುಖ ಬಿಗಿದುಕೊಂಡು ಬಾಗಿಲಲ್ಲಿ ನಿಂತಳು. ಒಡೆದ ಗಾಜು, ಮಾವಿನ ಗಿಡ, ಗುಲೇಲ್, ಎಲ್ಲವನ್ನೂ ಕ್ರಮಬದ್ಧವಾಗಿ ಹಿಂದಿಯಲ್ಲಿ ಮಂಡಿಸಿದೆ. ಅವರ ಮುಖ ಕೆಂಪೇರಿತು.

"ಮೈನೇ ಫೋಡಾ? ಹಿರೇಮಠ ಸಾಹೇಬ್, ಸಬೂತ್ ದಿಖಾವ್," ಎಂದರು.

ಸಾಕ್ಷಿ ಕೇಳುವಾಗ ಅವರ ಒಂದು ಕೈ ಗೋಡೆಯ ಮೇಲಿನ ಪೈಪನ್ನು ಹಿಡಿದಿತ್ತು. ಗಿರಿಜೆಗೆ ಆ ಕೈ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದರೆ ತಪಾಸಣೆಗೊಂದು ಕ್ರಮವಿದೆ. ಒಳ್ಳೆಯ ಮಾಲನ್ನು ಮೊದಲು ತೋರಿಸಿ, ಕೆಟ್ಟದ್ದನ್ನು ಅದಕ್ಕೆ ಹೋಲಿಸಬೇಕು. ಉಳಿದಿದ್ದ ಒಂದೇ ಒಳ್ಳೆಯ ಪ್ಯಾನೆಲ್ ಮೇಲೆ ನಿನ್ನೆಯಿಂದ ಮತ್ತೆ ಧೂಳು ಕೂತಿತ್ತು. ಸರಿಯಾಗಿ ಕಾಣಲಿ ಎಂದು, ಅಂದಿನ ಪಾಲಿನ ಐಸ್ ನೀರಿನ ಬಕೆಟ್ ಎತ್ತಿ ಸುರಿದೆ.

ಟಪ್!

ನಮ್ಮ ಮೂವರ ಕಣ್ಣೆದುರೇ ಗಾಜು ಅಂಚಿನಿಂದ ಅಂಚಿಗೆ ಬಿರಿಯಿತು.

ವಾನಖೇಡೆಯವರು ಬಕೆಟ್ಟಿನೊಳಗೆ ಬೆರಳು ಅದ್ದಿ ನೋಡಿದರು. ಆಮೇಲೆ ಪ್ಯಾನೆಲ್ಲಿನ ಒಣಗಿದ್ದ ಮೂಲೆಯನ್ನು ಮುಟ್ಟಿ ಸರಕ್ಕನೆ ಕೈ ಹಿಂದೆಳೆದುಕೊಂಡರು.

"ರೋಜ್ ಬರಫ್ ಕಾ ಪಾನಿ ಡಾಲತೇ ಹೋ?"

ದಿನಾ ಐಸ್ ನೀರು ಸುರಿಯುತ್ತೀರಾ ಎಂಬ ಆ ಪ್ರಶ್ನೆಗೆ ನಾನು ಬಾಯಿ ತೆರೆಯುವ ಮೊದಲೇ ಗಿರಿಜೆ ಉತ್ತರ ಕೊಟ್ಟಳು: "ರೋಜ್, ಭಾವೂಜಿ. ಆಪ್ ಕಾ ಹೀ ಪಾನಿ."

ಕಾದ ಲಾಟೀನಿನ ಗಾಜಿಗೆ ನೀರು ಸಿಡಿದರೆ ಏನಾಗುತ್ತದೆಂದು ಚಿಕ್ಕಂದಿನಿಂದ ಗೊತ್ತಿದ್ದ ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೈ ಜೋಡಿಸಿದೆ. ವಾನಖೇಡೆಯವರು ಟವೆಲ್ ಬಿಗಿದುಕೊಂಡು ತಮ್ಮ ಮನೆಗೆ ಹೋದರು. ನಾವಿಬ್ಬರೂ ಪೈಪಿನ ಬಾಯನ್ನೇ ನೋಡುತ್ತ ನಿಂತೆವು. ಒಳಗಿನಿಂದ ಅವ್ವ, "ಕೂಲರ್‌ಗೆ ನೀರ ಹಾಕ್ರೋ," ಎಂದು ಕೂಗಿದಳು.

ಕೊನೆಗೆ ಪೈಪು ಅಲುಗಾಡಿತು, ನೀರು ಬಂತು. ಹಿಂದೆಯೇ ಗೋಡೆಯಾಚೆಯಿಂದ ಗಿರಿಜೆಗೆ ಮಾತೂ ಬಂತು: "ವಹಿನಿ, ಪಾನಿ ಮಿಲೇಗಾ. ಲೇಕಿನ್ ಬಾಲ್ಟಿ ಸಾಹೇಬ್ ಕೇ ಹಾಥ್ ಮೇಂ ಮತ್ ದೇನಾ."

ಬಕೆಟ್ಟು ನನ್ನ ಕೈಗೆ ಕೊಡಕೂಡದೆಂಬ ಆ ಆಜ್ಞೆ ಈಗಲೂ ಜಾರಿಯಲ್ಲಿದೆ. ನನ್ನ ಸ್ನಾನಕ್ಕೂ ಗಿರಿಜೆಯೇ ನೀರು ತುಂಬಿಸಿಕೊಡುತ್ತಾಳೆ, ಅದೂ ಏತಕ್ಕೆ ಬೇಕೆಂದು ವಿಚಾರಿಸಿದ ಮೇಲೆ.