ಹೆಲ್ಮೆಟ್ಟಿನೊಳಗೆ ಮೂವರು

ಮೂವತ್ತನಾಲ್ಕು ವರ್ಷಗಳ ದಾಂಪತ್ಯ ಹಳಸದೆ ಉಳಿದಿದ್ದಕ್ಕೆ ಯಾರಿಗೆ ಋಣಿ ಎಂದು ಕೇಳಿದರೆ, ತಾಮೋತ್ಸು ದೇವರ ಹೆಸರು ಹೇಳುತ್ತಿರಲಿಲ್ಲ, ಸಂಬಂಧ ಕುದುರಿಸಿದ ಸೋದರತ್ತೆಯ ಹೆಸರನ್ನೂ ಹೇಳುತ್ತಿರಲಿಲ್ಲ. "ಗಾಳಿಗೆ" ಎನ್ನುತ್ತಿದ್ದ (ಹೆಂಡತಿ ಮಿತ್ಸುಯೋ ಹತ್ತಿರದಲ್ಲಿ ಇಲ್ಲದಾಗ). ಬೈಕು ಅರವತ್ತು ಕಿಲೋಮೀಟರ್ ವೇಗ ದಾಟಿತೆಂದರೆ ಹಿಂದಿನ ಸೀಟಿನಿಂದ ಹೊರಟ ಸಮಸ್ತ ವಾಗ್ಝರಿಯೂ 'ಗುಂಯ್' ಎಂಬ ಏಕಾಕ್ಷರಕ್ಕೆ ಇಳಿದುಬಿಡುತ್ತಿತ್ತು. ಈತ ಹೆಲ್ಮೆಟ್ಟನ್ನು ಗಂಭೀರವಾಗಿ ಮೇಲೆ ಕೆಳಗೆ ಆಡಿಸುತ್ತಿದ್ದ. ಹೇಳಿದೆನೆಂದು ಆಕೆಗೆ ಸಮಾಧಾನ, ಕೇಳಲಿಲ್ಲವೆಂದು ಈತನಿಗೆ ನೆಮ್ಮದಿ.

ನುಮಾಝು ಊರಿನ ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಪುಟ್ಟ ಕೆಂಪು ಬೈಕಿನಲ್ಲಿ ಕಾಗದ ಹಂಚಿ ನಿವೃತ್ತನಾದ ಮೇಲೆ ಅವನು ಮನೆಯ ಹಳೆಯ ಬೈಕನ್ನು ಮಾರಿ ಕೊಂಡದ್ದು ಒಂದು ಐರಾವತ. ಹಿಂದಿನ ಸೀಟಿಗೆ ಬೆನ್ನಾಸರೆ, ಕೈಯಾಸರೆ. ಮುಂದೆ ದಾರಿ ತೋರಿಸುವ ಪರದೆ. ಬೈಕಿನ ಮೈಯೊಳಗೇ ನಾಲ್ಕು ಸ್ಪೀಕರುಗಳು. "ಇದು ಬೈಕಲ್ಲ, ಎಂಜಿನ್ ಕೂರಿಸಿದ ಸೋಫಾ" ಎಂದು ಮಿತ್ಸುಯೋ ಮೊದಲ ದಿನವೇ ತೀರ್ಪು ಕೊಟ್ಟಿದ್ದಳು.

ಊರಿನಲ್ಲಿ ಹಿರಿಯರ ಬೈಕು ಸಂಘವೊಂದಿತ್ತು. ಎಂಟು ಜನ ಸದಸ್ಯರು, ಎಲ್ಲರೂ ಅರವತ್ತು ದಾಟಿದವರು. ಮುಂದಾಳು ಕ್ಷೌರದಂಗಡಿಯ ಕುರೋಗಿ. ಅವನ ಮೊಣಕಾಲು ಮುಷ್ಕರ ಹೂಡಿದ್ದರಿಂದ, ಮೇ ತಿಂಗಳ ಮೊದಲ ಭಾನುವಾರ ಅಸಗಿರಿಯ ಎತ್ತರದ ಬಯಲಿನಲ್ಲಿ ಸೇರಿ ಹೊಸ ಮುಂದಾಳನ್ನು ಆರಿಸುವುದೆಂದು ನಿಶ್ಚಯವಾಗಿತ್ತು. ತಾಮೋತ್ಸುವಿಗೆ ಆ ಪಟ್ಟದ ಮೇಲೆ ಕಣ್ಣು. ಮೂವತ್ತೆಂಟು ವರ್ಷ ಮೇಲಿನವರು ಹೇಳಿದ ಕಡೆಗೆ ಹೋಗಿದ್ದವನಿಗೆ ಒಮ್ಮೆಯಾದರೂ 'ನನ್ನ ಹಿಂದೆ ಬನ್ನಿ' ಎನ್ನಬೇಕೆಂಬ ಆಸೆ.

ಅಡ್ಡಿ ಒಂದೇ. ಉಳಿದ ಏಳು ಜನ ಹೆಲ್ಮೆಟ್ಟಿನೊಳಗೆ ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಂಡು ಓಡುತ್ತಲೇ ಮಾತಾಡಿಕೊಳ್ಳುತ್ತಿದ್ದರು; ಇವನೊಬ್ಬನಿಗೆ ಇರಲಿಲ್ಲ. ಹಿಂದಿನ ಶರತ್ಕಾಲದಲ್ಲಿ ಏಳು ಜನ ಮಾತಾಡಿಕೊಂಡು ಹಾವುಮೀನಿನ ಹೋಟೆಲಿಗೆ ಎಡಕ್ಕೆ ತಿರುಗಿದರೆ, ಇವನು ನಾಲ್ಕು ಸ್ಪೀಕರುಗಳ ಹಾಡಿಗೆ ತಲೆದೂಗುತ್ತ ನೆಟ್ಟಗೆ ಹೋಗಿ, ಪಕ್ಕದ ಜಿಲ್ಲೆಯ ಪೆಟ್ರೋಲ್ ಬಂಕಿನಲ್ಲಿ ಒಬ್ಬನೇ ಬಿಸಿನೀರು ಹೊಯ್ದ ನೂಡಲ್ಸ್ ತಿಂದು ಬಂದಿದ್ದ. ಮುಂದಾಳಾಗುವವನಿಗೆ ಇದು ಶೋಭೆಯಲ್ಲ.

ಅಂಗಡಿಯಲ್ಲಿ ಹೆಡ್‌ಸೆಟ್ ಒಂಟಿಯಾಗಿ ಸಿಗಲಿಲ್ಲ. ಜೋಡಿಯೇ ಕೊಳ್ಳಬೇಕಾಯಿತು. ಎರಡನೆಯದನ್ನು ಅಟ್ಟದಲ್ಲಿ ಬಚ್ಚಿಡಬೇಕೆಂದಿದ್ದ. ಆದರೆ ಬಾಗಿಲಲ್ಲೇ ಸಿಕ್ಕಿಬಿದ್ದ.

"ಎರಡಿದೆಯಲ್ರೀ! ಇನ್ನೊಂದು ಯಾರಿಗೆ?"

"ಇನ್ಯಾರಿಗೆ? ನಿನಗೇ ಕಣೇ" ಎಂದ. ಆ ಕ್ಷಣದಲ್ಲಿ ಗಾಳಿ ಅವನ ಕೈಬಿಟ್ಟಿತು.

ಜೋಡಣೆಗೆ ಕೂತರು. ಅವನ ಹೆಡ್‌ಸೆಟ್ಟು ಅವಳದಕ್ಕೆ, ಎರಡೂ ಬೈಕಿಗೆ, ಬೈಕು ಫೋನಿಗೆ ಕೂಡಬೇಕು. ಅವನದು ಬೈಕನ್ನು ಒಪ್ಪಿದರೆ ಅವಳದನ್ನು ಒಲ್ಲದು. ಅವಳದನ್ನು ಒಪ್ಪಿದರೆ ಬೈಕು ಮುನಿಸಿಕೊಳ್ಳುವುದು. ಒಮ್ಮೆಯಂತೂ ಪಕ್ಕದ ಮನೆಯ ಟಿವಿಯ ಜೊತೆಗೇ ಸಂಬಂಧ ಬೆಳೆಸಿತು.

"ನಮ್ಮಿಬ್ಬರ ಹೆಣ್ಣು ನೋಡೋ ಶಾಸ್ತ್ರ ನಲವತ್ತು ನಿಮಿಷದಲ್ಲಿ ಮುಗಿದಿತ್ತು" ಎಂದಳು ಮಿತ್ಸುಯೋ ಹಸಿರು ಚಹಾ ಬಗ್ಗಿಸುತ್ತ. "ಇವು ಎರಡು ಗಂಟೆಯಿಂದ ಒಂದರ ಮುಖ ಒಂದು ನೋಡ್ತಾ ಇಲ್ಲ."

"ಆಗ ನನಗೆ ಯೋಚನೆ ಮಾಡೋಕೆ ಯಾರು ಬಿಟ್ರು?" ಎಂದು ಅವನು ಗೊಣಗಿದ.

ಅದೇ ಕ್ಷಣ ಹೆಡ್‌ಸೆಟ್ಟು 'ಪೀಂಕ್' ಎಂದು ಕೂಡಿಕೊಂಡಿತು. ಅವನ ಮಾತು ಅಡುಗೆಮನೆಯಲ್ಲಿಟ್ಟಿದ್ದ ಅವಳ ಹೆಲ್ಮೆಟ್ಟಿನೊಳಗಿನಿಂದ ಸ್ಪಷ್ಟವಾಗಿ ಕೇಳಿಸಿತು.

ಭಾನುವಾರ ಬೆಳಗ್ಗೆ ಹೊರಟರು. ಸಂಘದವರು ಅಸಗಿರಿಯಲ್ಲೇ ಕೂಡುವುದೆಂದಿತ್ತು. ಆಕಾಶ ಶುಭ್ರವಾಗಿತ್ತು, ಫುಜಿ ಪರ್ವತ ಬಾಗಿಲಿಗೆ ಬಂದು ನಿಂತ ಹಾಗೆ ಕಾಣುತ್ತಿತ್ತು. ತಾಮೋತ್ಸುವಿನ ಕಿವಿಯಲ್ಲಿ ಮಾತ್ರ ಜನಸಂದಣಿ. ಬಲಗಡೆ ಮಿತ್ಸುಯೋ. ಎಡಗಡೆ ಬೈಕಿನ ಪರದೆಯಿಂದ ದಾರಿ ಹೇಳುವ ಯಂತ್ರದ ಹೆಣ್ಣು. ನಡುವೆ ಇವನು.

"ಮುಂದಿನ ತಿರುವಿನಲ್ಲಿ ದಯವಿಟ್ಟು ಬಲಕ್ಕೆ ತಿರುಗಿ" ಎಂದಿತು ಯಂತ್ರ, ಜೇನು ಸುರಿದಂತೆ.

"ಎಡಕ್ಕೆ ಹೋಗ್ರಿ. ಬಲಗಡೆ ರಸ್ತೆ ಅಗೆದಿದ್ದಾರೆ" ಎಂದಳು ಮಿತ್ಸುಯೋ.

"ನಿನಗೆ ಗ್ಯಾರಂಟಿ ಗೊತ್ತಾ?" ಎನ್ನುತ್ತಲೇ ಅವನು ಬಲಕ್ಕೆ ತಿರುಗಿದ. ರಸ್ತೆ ಅಗೆದಿದ್ದರು. ಧೂಳು ಕುಡಿದು ಹಿಂದಿರುಗಿದ. ಯಂತ್ರದ ಹೆಣ್ಣು ಒಂದಿಷ್ಟೂ ಬೇಸರವಿಲ್ಲದೆ ಬೇರೆ ದಾರಿ ಹೇಳಿತು.

"ಆಗಲಿ, ತುಂಬಾ ಉಪಕಾರವಾಯ್ತು" ಎಂದ ತಾಮೋತ್ಸು. ಮೂವತ್ತೆಂಟು ವರ್ಷ ಜನರ ಮನೆ ಬಾಗಿಲಲ್ಲಿ ನಿಂತವನ ಬಾಯಲ್ಲಿ ತಾನಾಗಿ ಬಂದ ಮಾತು.

ಹಿಂದಿನ ಸೀಟಿನಿಂದ ಮಿತ್ಸುಯೋ ಮುಂದಕ್ಕೆ ಬಾಗಿದಳು.

"ಏನಂದ್ರಿ?"

"ಏನಿಲ್ವಲ್ಲ."

"ಉಪಕಾರವಾಯ್ತು ಅಂದ್ರಿ. ಆ ತಗಡಿನವಳಿಗೆ. ದಾರಿ ತಪ್ಪಿಸಿದವಳಿಗೆ! ಸರಿಯಾದ ದಾರಿ ಹೇಳಿದ ನನಗೆ 'ಗ್ಯಾರಂಟಿ ಗೊತ್ತಾ'. ಮೂವತ್ತನಾಲ್ಕು ವರ್ಷ ಬೆಳಗ್ಗೆ ಎದ್ದು ಮಿಸೋ ಸಾರು ಕಾಸಿದ್ದೀನಿ, ಒಂದು ದಿನ ಉಪಕಾರ ಅಂದಿದ್ದೀರಾ?"

"ಅದು ಯಂತ್ರ ಕಣೇ..."

"ಹಾಗಾದ್ರೆ ನಾನೂ ಯಂತ್ರವಾಗಿ ಹುಟ್ಟಬೇಕಿತ್ತು."

ಅದಾದ ಮೇಲೆ ಹೆಡ್‌ಸೆಟ್ಟಿನಲ್ಲಿ ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು. ಮಾತು ಕೇಳಿಸದಿರಲೆಂದು ಅಷ್ಟು ವರ್ಷ ಹಂಬಲಿಸಿದ್ದವನಿಗೆ, ಆ ಇಪ್ಪತ್ತು ನಿಮಿಷದ ಮೌನ ಹೆಲ್ಮೆಟ್ಟಿನೊಳಗೆ ಕಣಜದ ಹುಳು ಹೊಕ್ಕಂತಾಯಿತು. ಎರಡು ಸಲ ಕೆಮ್ಮಿದ. ಒಮ್ಮೆ "ಪರ್ವತ ಚೆನ್ನಾಗಿ ಕಾಣ್ತಿದೆ, ಅಲ್ವಾ?" ಎಂದ. ಪರ್ವತವೂ ಉತ್ತರ ಕೊಡಲಿಲ್ಲ.

ಅಸಗಿರಿಯಲ್ಲಿ ಬೈಕು ನಿಲ್ಲಿಸಿದ ಕೂಡಲೇ ಮಿತ್ಸುಯೋ ಇಳಿದು, ಹೆಲ್ಮೆಟ್ಟನ್ನು ಅವನ ಎದೆಗೆ ಒತ್ತಿ, ಹಾಲು ಐಸ್‌ಕ್ರೀಮಿನ ಅಂಗಡಿಯ ಕಡೆಗೆ ಹೋಗಿಬಿಟ್ಟಳು. ಸಂಘದ ಏಳು ಜನ ಐರಾವತದ ಸುತ್ತ ನೆರೆದರು. ತಾಮೋತ್ಸು ದುಃಖ ಮರೆತ. ಜಾಕೆಟ್ಟಿನ ಜೇಬಿನಲ್ಲಿ ಮೂರು ಸಲ ಕನ್ನಡಿಯ ಮುಂದೆ ಓದಿದ ಭಾಷಣವಿತ್ತು. ಹೆಡ್‌ಸೆಟ್ ಬಂದ್ ಮಾಡಿ, ಹೆಲ್ಮೆಟ್ ಬೈಕಿನ ಕನ್ನಡಿಗೆ ನೇತುಹಾಕಿ, ಎಲ್ಲರೂ ಕೇಳಲೆಂದು ಬೈಕಿನ ಸ್ಪೀಕರುಗಳನ್ನು ಜೋರು ಮಾಡಿದ. ಹಾಡು ಬಯಲಿನ ತುಂಬ ಹರಡಿತು. ಆಚೆಯ ಬೇಲಿಯ ಹಸುಗಳೂ ತಲೆ ಎತ್ತಿದವು.

ಆಗ ಫೋನು ಬಂತು. ಕೈಹಿಡಿಕೆಯ ಗುಂಡಿ ಒತ್ತಿದ. ಮಾತು ಹೆಡ್‌ಸೆಟ್ಟಿಗೆ ಬರುತ್ತದೆಂದು ಅವನ ಎಣಿಕೆ. ಹೆಡ್‌ಸೆಟ್ಟು ಬಂದಾಗಿತ್ತಲ್ಲ, ಬೈಕು ತನ್ನ ಕರ್ತವ್ಯ ಮರೆಯಲಿಲ್ಲ. ನಾಲ್ಕೂ ಸ್ಪೀಕರುಗಳಲ್ಲಿ ಮಿತ್ಸುಯೋ ಪ್ರತ್ಯಕ್ಷಳಾದಳು.

"ರೀ! ನನ್ನ ಸಿಟ್ಟು ಇಳಿದಿಲ್ಲ. ಆದ್ರೂ ಹೇಳ್ತಿದ್ದೀನಿ. ಇಲ್ಲಿ ಚಳಿ ಇದೆ, ಹೊಟ್ಟೆಗೆ ಉಣ್ಣೆ ಪಟ್ಟಿ ಕಟ್ಟಿಕೊಳ್ಳಿ. ಗುಲಾಬಿ ಬಣ್ಣದ್ದು, ನಿಮಗೆ ಇಷ್ಟ ಅಲ್ವಾ, ಅದನ್ನೇ ಇಟ್ಟಿದ್ದೀನಿ."

ತಾಮೋತ್ಸು ಗಾಬರಿಯಲ್ಲಿ ಸದ್ದು ತಗ್ಗಿಸುವ ಗುಂಡಿ ಒತ್ತಲು ಹೋದ. ಒತ್ತಿದ್ದು ಏರಿಸುವ ಗುಂಡಿ.

"ಮೂಲವ್ಯಾಧಿ ಮುಲಾಮು ಬಲಗಡೆ ಪೆಟ್ಟಿಗೇಲಿದೆ. ಹೋಗಿ ಹಚ್ಕೊಂಡು ಬನ್ನಿ. ನಾಚಿಕೆ ಏನು ಅದರಲ್ಲಿ? ಕುರೋಗಿಯವರಿಗೂ ಇದೆಯಂತೆ, ಅವರ ಹೆಂಡ್ತಿ ಹೇಳಿದ್ರು."

ಕುರೋಗಿ ಆಕಾಶ ನೋಡಿದ.

"ಮತ್ತೆ ಕೇಳಿ, ಹಿಂದಿರುಗೋವಾಗ ಬಂದ ದಾರಿ ಬೇಡ. ಎರಡು ಗಂಟೆಗೆ ಆ ಕಡೆ ಮಂಜು ಇಳಿಯುತ್ತಂತೆ, ಹಾಲಿನಂಗಡಿ ಅಜ್ಜಿ ಹೇಳಿದ್ರು. ಕೆರೆ ಕಡೆಯಿಂದ ಹೋಗೋಣ. ಅರ್ಧ ಗಂಟೆಗೊಂದು ಒಳ್ಳೆ ಶೌಚಾಲಯ ಇದೆ. ನಿಮ್ಮ ಸಂಘದವರಿಗೆಲ್ಲ ಅವಸರ ಆಗಿರುತ್ತೆ, ಒಬ್ಬರೂ ಬಾಯಿಬಿಟ್ಟು ನಿಲ್ಲಿಸಿ ಅನ್ನಲ್ಲ, ಸಂಕಟಪಟ್ಕೊಂಡು ಓಡಿಸ್ತಾರೆ. ಆಮೇಲೆ... ಭಾಷಣ ಮಾಡೋವಾಗ ಕಾಗದ ನೋಡ್ಬೇಡಿ. ನಿಮ್ಮನ್ನೇ ಆರಿಸಲಿ ಅಂತ ಬರೋ ಮುಂಚೆ ಕೈಮುಗಿದು ಬಂದಿದ್ದೀನಿ. ಫೋನು ಇಡ್ಲಾ?"

ಮಾತು ನಿಂತಿತು. ತಾಮೋತ್ಸು ನೆಲ ಬಾಯಿಬಿಡಲೆಂದು ಕಾಯುತ್ತಿದ್ದ. ಆದರೆ ಕಣ್ಣಂಚು ಯಾಕೋ ಬಿಸಿಯಾಗಿತ್ತು.

ಕುರೋಗಿ ಗಂಟಲು ಸರಿಮಾಡಿಕೊಂಡ. "ಆ ಮುಲಾಮು ಕೆಲಸ ಮಾಡುತ್ತೇನಯ್ಯಾ?"

ಎಂಟು ಮುದುಕರು ನಕ್ಕ ನಗೆಗೆ ಹಸುಗಳು ಬೇಲಿ ಬಿಟ್ಟು ದೂರ ಸರಿದವು. ನಕ್ಕು ಸುಸ್ತಾದ ಮೇಲೆ ಏಳು ಜನ ಒಂದು ಕಡೆ ಸೇರಿ ಗುಸುಗುಸು ಮಾತಾಡಿದರು. ಏಳೂ ಕೈ ಮೇಲೆದ್ದವು.

"ಒಮ್ಮತದಿಂದ ಮುಂದಾಳು ಸಿಕ್ಕಿದ್ರು" ಎಂದು ಕುರೋಗಿ ಸಾರಿದ.

ತಾಮೋತ್ಸು ಸೊಂಟ ಮುರಿಯುವಂತೆ ಬಾಗಿದ. ಕಾಗದ ತೆಗೆಯಲಿಲ್ಲ. "ಈ ಅಲ್ಪನ ಮೇಲೆ ತಾವೆಲ್ಲ ಇಟ್ಟಿರುವ ಅಪಾರ..."

"ನೀನಲ್ಲಯ್ಯಾ" ಎಂದ ಕುರೋಗಿ. "ಮಿತ್ಸುಯೋ ಅವರು."

ಎರಡು ಐಸ್‌ಕ್ರೀಮು ಹಿಡಿದು ಬರುತ್ತಿದ್ದ ಮಿತ್ಸುಯೋ ನಿಂತಲ್ಲೇ ನಿಂತಳು.

"ಅವಳಿಗೆ ಬೈಕ್ ಓಡಿಸೋಕೇ ಬರಲ್ಲ!" ಎಂದ ತಾಮೋತ್ಸು.

"ಓಡಿಸೋಕೆ ನೀನಿದ್ದೀಯಲ್ಲ. ದಾರಿ, ಹವಾ, ಹೊಟ್ಟೆಪಟ್ಟಿ, ನಮ್ಮ ಸಂಕಟ, ಎಲ್ಲ ಗೊತ್ತಿರೋರು ಇನ್ಯಾರಿದ್ದಾರೆ? ತಾಯೀ, ಇಲ್ಲ ಅನ್ನಬೇಡಿ."

ಮಿತ್ಸುಯೋ ಮೂರು ಸಲ ಬೇಡವೆಂದಳು. ನಾಲ್ಕನೆಯ ಸಲ ಕೇಳುವ ಮುಂಚೆಯೇ ಒಪ್ಪಿದಳು.

ಕುರೋಗಿ ಐದು ನಿಮಿಷದಲ್ಲಿ ಎಲ್ಲರ ಹೆಡ್‌ಸೆಟ್ಟುಗಳನ್ನೂ ಒಂದೇ ಬಳಗವಾಗಿ ಕೂಡಿಸಿದ. ಕೆರೆಯ ಕಡೆಯ ದಾರಿಯಲ್ಲಿ ಎಂಟು ಬೈಕುಗಳು ಸಾಲಾಗಿ ಇಳಿದವು. ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಎಲ್ಲರಿಗಿಂತ ಮುಂದೆ ಐರಾವತ, ಅದರ ಹಿಂದಿನ ಸೀಟಿನಲ್ಲಿ ಮುಂದಾಳು.

"ಸಾಲಿನ ಕೊನೆಯವರಿಗೂ ಕೇಳಿಸ್ತಿದೆಯಾ?"

"ಕೇಳಿಸ್ತಿದೆ, ಮುಂದಾಳೇ!" ಎಂದು ಹಿಂದಿನಿಂದ ಒಕ್ಕೊರಲು.

"ಇನ್ನು ಎರಡು ಕಿಲೋಮೀಟರಿಗೆ ಶೌಚಾಲಯ. ಧೈರ್ಯವಾಗಿರಿ." ಆಮೇಲೆ ಯಾರೂ ಕೇಳದೆಯೇ ಅವಳು ಶಾಲೆಯಲ್ಲಿ ಕಲಿತ ಪಿಕ್ನಿಕ್ ಹಾಡೊಂದನ್ನು ಎತ್ತಿಕೊಂಡಳು. ಒಬ್ಬೊಬ್ಬರಾಗಿ ಏಳೂ ಜನ ದನಿಗೂಡಿಸಿದರು. ಮುನಿಸಿಕೊಂಡಿರಬೇಕೆಂದು ನಿಶ್ಚಯಿಸಿದ್ದ ತಾಮೋತ್ಸು ಒಂದು ಸೇತುವೆ ದಾಟುವತನಕ ತಡೆದುಕೊಂಡ. ಎರಡನೆಯ ಸೇತುವೆಯಲ್ಲಿ ಸೋತು, ಎದೆತುಂಬಿ ತಾನೂ ಹಾಡತೊಡಗಿದ.

"ಸ್ವಲ್ಪ ನಿಲ್ಲಿಸಿ, ಎಲ್ಲರೂ ನಿಲ್ಲಿಸಿ" ಎಂದಳು ಮುಂದಾಳು. ಏಳು ಕಂಠಗಳು ತಟ್ಟನೆ ನಿಂತವು. "ಯಾರದೋ ಒಬ್ಬರದು ಶ್ರುತಿ ಪೂರಾ ಬಿಟ್ಟುಹೋಗಿದೆ."

ಒಬ್ಬಂಟಿಯಾಗಿ ಇನ್ನೂ ಅರ್ಧ ಸಾಲು ಹಾಡಿದ ಮೇಲೆಯೇ ತಾಮೋತ್ಸುವಿಗೆ ಅದು ತನ್ನದೆಂದು ಗೊತ್ತಾಯಿತು.